ಬಿ.ಎಸ್ಸಿ. ಕೆಮಿಸ್ಟ್ರಿ ಸೇರುವ ಮುನ್ನ

ಪಿಯುಸಿ ಮುಗಿಯಿತು, ಇನ್ನು ಕಮಲಾಪುರದಿಂದ ದಿನಾ ಬಸ್ಸು ಹತ್ತಿ ಕಲಬುರಗಿಯಲ್ಲಿ ಬಿ.ಎಸ್ಸಿ. ಕೆಮಿಸ್ಟ್ರಿ ಓದಬೇಕೆಂದಿದ್ದೀರಾ? ಫೀ ಕಟ್ಟುವ ಮೊದಲು ಲ್ಯಾಬಿನ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಒಂದು ಬ್ಯೂರೆಟ್‌ಗೆ ಒಬ್ಬರೋ, ನಾಲ್ವರೋ? ಟೈಟ್ರೇಷನ್‌ನಲ್ಲಿ ತಿಳಿ ಗುಲಾಬಿ ಬಣ್ಣ ನಿಂತ ಕ್ಷಣವೇ ಬ್ಯೂರೆಟ್ಟಿನ ನಲ್ಲಿ ಮುಚ್ಚಬೇಕು. ಆ ಕೊನೆಯ ಹನಿಯ ಅಂದಾಜು ಪಕ್ಕದವರ ಭುಜದ ಮೇಲಿಂದ ಇಣುಕಿದರೆ ಬರುವುದಿಲ್ಲ. ಸೀನಿಯರ್‌ಗಳ ರೆಕಾರ್ಡ್ ನೋಡಿ ರೀಡಿಂಗ್ ಬರೆಸುವ ಕಡೆ ಅಂಕ ಸಿಕ್ಕೀತು, ಕೈ ಪಳಗದು.

ಗೇಟಿನ ಮೇಲಿನ ‘ನೂರಕ್ಕೆ ನೂರು ಫಲಿತಾಂಶ’ದ ಬ್ಯಾನರ್ ಪಾಸಾದವರ ಲೆಕ್ಕ, ಅಷ್ಟೇ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ ಸಂಸ್ಥೆಗೆ ಕಾಲೇಜು ಸಲ್ಲಿಸುವ ವರದಿಯ ಐದನೇ ಮಾನದಂಡ ತೆಗೆದು ಓದಿ: ಎಷ್ಟು ಜನ ಕೆಲಸಕ್ಕೆ ಸೇರಿದರು, ಎಷ್ಟು ಜನ ಮುಂದೆ ಓದಲು ಹೋದರು ಎಂಬುದು ಅಲ್ಲಿರುತ್ತದೆ. ಕೆಮಿಸ್ಟ್ರಿಯವರ ಲೆಕ್ಕವನ್ನು ಬೇರೆಯಾಗಿಯೇ ಕೇಳಿ. ಬಿ.ಕಾಂ. ಹುಡುಗರು ಬ್ಯಾಂಕ್ ಸೇರಿದ್ದರಿಂದ ನಿಮಗೇನು ಬಂತು?

ನಮ್ಮ ಸುತ್ತ ಕೆಲಸವೇ ಇಲ್ಲ ಎನ್ನುವಂತಿಲ್ಲ. ವಾಡಿ, ಮಳಖೇಡ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ಸುಣ್ಣದಕಲ್ಲಿನಿಂದ ಕ್ಲಿಂಕರ್‌ವರೆಗೆ ಎಲ್ಲವನ್ನೂ ಲ್ಯಾಬಿನಲ್ಲಿ ಪರೀಕ್ಷಿಸಲೇಬೇಕು. ಹೈದರಾಬಾದಿನ ಔಷಧ ಕಂಪನಿಗಳಲ್ಲಿ ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ಬಲ್ಲವರಿಗೆ ಬೇಡಿಕೆಯಿದೆ. ಕಾಲೇಜಿನಲ್ಲಿ ಆ ಯಂತ್ರ ಇಲ್ಲದಿರಬಹುದು. ಇಂಟರ್ನ್‌ಶಿಪ್ಪಾದರೂ ಇದೆಯೇ ವಿಚಾರಿಸಿ.

ಎಂ.ಎಸ್ಸಿ.ಗೆ 1980ರಲ್ಲಿ ಶುರುವಾದ ಗುಲಬರ್ಗಾ ವಿಶ್ವವಿದ್ಯಾಲಯ ಕಲಬುರಗಿಯಲ್ಲೇ ಇದೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸಿಯುಇಟಿ ಪ್ರವೇಶ ಪರೀಕ್ಷೆ ಬರೆಯಬೇಕು. ಅಲ್ಲಿಗೆ ಹೋದ ಹಳೆಯ ವಿದ್ಯಾರ್ಥಿಗಳನ್ನು ಮಾತಾಡಿಸಬೇಕೆಂದು ವಿಭಾಗದ ಮುಖ್ಯಸ್ಥರನ್ನೇ ಕೇಳಿ. ಒಬ್ಬರ ಹೆಸರೂ ಬಾಯಿಗೆ ಬರದಿದ್ದರೆ ಮುಂದಿನ ಕಾಲೇಜಿನತ್ತ ನಡೆಯಿರಿ.