ಚಿಕ್ಕಪ್ಪನ ಕಾಯಿಲೆ ನಮಗೂ ಬರುತ್ತಾ ಅಂದಿರಲ್ಲ

ಅಕ್ಕ ತಮ್ಮ ಇಬ್ಬರೂ ಗುಟ್ಟಾಗಿ ಬೇರೆ ಬೇರೆ ಬಂದು ಈ ಅತ್ತೆಯನ್ನು ಕೇಳಿದಿರಿ. ನಾನು ಒಟ್ಟಿಗೇ ಹೇಳುತ್ತೇನೆ, ಗುಟ್ಟು ಮಾಡಿದ್ದು ಸಾಕು.

ಸ್ಕಿಜೋಫ್ರೇನಿಯಾ ವಂಶದಲ್ಲಿ ಬರುವುದು ನಿಜ. ಒಂದು ಜೀನ್‌ನಿಂದಲ್ಲ, ನೂರಾರು ಜೀನ್‌ಗಳು ಚೂರುಚೂರು ಸೇರಿ. ಊರಲ್ಲಿ ನೂರಕ್ಕೆ ಹೆಚ್ಚುಕಮ್ಮಿ ಒಬ್ಬರಿಗೆ ಬರುವ ಈ ಕಾಯಿಲೆ, ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಕ್ಕಳಲ್ಲಿ ನೂರಕ್ಕೆ ಹತ್ತರ ಆಸುಪಾಸು. ಚಿಕ್ಕಪ್ಪನಿಗಿದ್ದರೆ ಅದಕ್ಕಿಂತ ಎಷ್ಟೋ ಕಡಿಮೆ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಇನ್ನೊಬ್ಬರಿಗೆ ಬಂದೇ ಬರುತ್ತದೆ ಅನ್ನುವ ಹಾಗಿಲ್ಲ.

ಮಗಾ, ಗಂಡುಮಕ್ಕಳಿಗೆ ಇದು ಸಾಮಾನ್ಯವಾಗಿ ಹದಿನೆಂಟರಿಂದ ಇಪ್ಪತ್ತೈದರೊಳಗೆ ಶುರುವಾಗುತ್ತದೆ. ನಿಮ್ಮ ಚಿಕ್ಕಪ್ಪ ದೊಡ್ಡಬಳ್ಳಾಪುರದ ಪವರ್‌ಲೂಮ್ ಶೆಡ್ಡಿನಲ್ಲಿ ಓಡುವ ಮಗ್ಗ ನಿಲ್ಲಿಸಿ, ಯಾರೋ ಹೆಸರು ಹಿಡಿದು ಬೈದರು ಅಂತ ಆಚೆ ಬಂದು ಬೀದಿ ನೋಡುತ್ತಿದ್ದ. ಕೆಲಸಗಳ್ಳ ಅಂದರು. ಆ ಗದ್ದಲದಲ್ಲಿ ಪಕ್ಕದವನು ಕೂಗಿದರೂ ಕೇಳಿಸುವುದಿಲ್ಲ ಅನ್ನುವುದು ಯಾರಿಗೂ ಹೊಳೆಯಲಿಲ್ಲ. ಹುಟ್ಟಿದ ವಂಶ ಬದಲಿಸಲಾಗದು, ಗಾಂಜಾ ಬಿಡಬಹುದು. ದಿನಾ ಸೇದಿದರೆ ಅಪಾಯ ಏರುತ್ತದೆ. ಸ್ನೇಹಿತರಿಗೆ ಏನೂ ಆಗಲಿಲ್ಲ ಅಂತ ನನ್ನ ಹತ್ತಿರ ವಾದಕ್ಕೆ ಬರಬೇಡ.

ಮಗಳೇ, ಹೆಂಗಸರಿಗೆ ಇದು ಕೆಲವು ವರ್ಷ ತಡ. ಈಸ್ಟ್ರೋಜನ್ ಸ್ವಲ್ಪ ಕಾಯುತ್ತದೆ ಅನ್ನುತ್ತಾರೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಇನ್ನೊಮ್ಮೆ ಎಚ್ಚರ ಬೇಕು. ನಿನಗೀಗ ಏಳು ತಿಂಗಳು, ಅದಕ್ಕೆ ಇನ್ನೊಂದು ಮಾತು. ಬಾಣಂತಿ ಸನ್ನಿ ಸಾವಿರ ಹೆರಿಗೆಗೆ ಒಂದೆರಡು, ಬಹುಪಾಲು ಮೊದಲ ಎರಡು ವಾರದಲ್ಲಿ. ಬೈಪೋಲಾರ್ ಇದ್ದವರಿಗೆ, ತಾಯಿಗೋ ಅಕ್ಕತಂಗಿಗೋ ಹೀಗಾಗಿದ್ದವರಿಗೆ ಹೆಚ್ಚು. ಮಗು ಮಲಗಿದರೂ ತಾಯಿಗೆ ನಿದ್ದೆ ಹತ್ತದು, ಮಾತು ಹಳಿ ತಪ್ಪುತ್ತದೆ, ಮಗು ನನ್ನದಲ್ಲ ಅನ್ನುತ್ತಾಳೆ. ಆಗ ತಾಯತ ಕಟ್ಟಿಸುತ್ತಾ ಕೂರುವಂತಿಲ್ಲ, ತಾಯಿ ಮಗು ಇಬ್ಬರನ್ನೂ ಒಂದು ಗಳಿಗೆಯೂ ಒಂಟಿಯಾಗಿ ಬಿಡುವಂತಿಲ್ಲ; ಅವತ್ತೇ ಆಸ್ಪತ್ರೆಗೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿಯನ್ನೂ ಕೂಸನ್ನೂ ಒಟ್ಟಿಗೇ ಇಟ್ಟುಕೊಂಡು ನೋಡುವ ವಾರ್ಡಿದೆ. ಬೇಗ ಹೋದವರು ಚೆನ್ನಾಗಿಯೇ ಗುಣವಾಗುತ್ತಾರೆ. ದಾರಿ ತೋಚದಿದ್ದರೆ ಟೆಲಿ ಮಾನಸ್, 14416; ಕನ್ನಡದಲ್ಲೇ ಮಾತಾಡುತ್ತಾರೆ.

ಗಂಡಸಿನ ಮಾತ್ರೆ ಮನೆಯ ಗೂಡಿನಲ್ಲಿ ಎಲ್ಲರ ಕಣ್ಣೆದುರೇ ಇರುತ್ತದೆ. ಹೆಂಗಸಿನದು ಸೀರೆ ಮಡಿಕೆಯಲ್ಲಿ, ಅತ್ತೆಗೆ ಕಂಡೀತೆಂದು. ಅರ್ಧ ಜನ ಆ ಭಯಕ್ಕೇ ಮಾತ್ರೆ ಬಿಟ್ಟು ಕಾಯಿಲೆ ಮರುಕಳಿಸಿಕೊಳ್ಳುತ್ತಾರೆ ಅನ್ನಿಸುತ್ತದೆ ನನಗೆ. ಸೀಮಂತದ ದಿನ ಇದನ್ನೆಲ್ಲ ನಿನ್ನ ಗಂಡನಿಗೂ ನಿಮ್ಮಮ್ಮನಿಗೂ ಕೂರಿಸಿಕೊಂಡು ನಾನೇ ಹೇಳುತ್ತೇನೆ. ಶುಭದ ಹೊತ್ತಲ್ಲಿ ಇದೇನು ಮಾತು ಅಂತ ನಿಮ್ಮಮ್ಮ ರೇಗಿದರೆ ರೇಗಲಿ.