ಉತ್ತಮ ಪ್ರಯೋಗ ವರದಿಯ ಲಕ್ಷಣಗಳು

ವಿಜ್ಞಾನವು ಓದಿ ತಿಳಿಯುವ ವಿದ್ಯೆ ಮಾತ್ರವಲ್ಲ, ಮಾಡಿ ನೋಡಿ ತಿಳಿಯುವ ವಿದ್ಯೆಯೂ ಹೌದು. ಈ ಮಾತು ಹಳೆಯದಾದರೂ ಅದರ ಅರ್ಥವು ಪ್ರಯೋಗಶಾಲೆಯ ಹೊಸ್ತಿಲನ್ನು ದಾಟಿದ ಮೇಲೆಯೇ ವಿದ್ಯಾರ್ಥಿಗೆ ಸ್ಪಷ್ಟವಾಗುತ್ತದೆ. ಅಲ್ಲಿ ಅವನು ಎರಡು ಗಂಟೆಗಳ ಕಾಲ ಮಾಡಿದ ಕೆಲಸವು ಉಪಕರಣಗಳನ್ನು ಕಪಾಟಿಗೆ ಹಿಂದಿರುಗಿಸಿದೊಡನೆ ಮುಗಿದುಹೋಗುತ್ತದೆ. ಉಳಿಯುವುದು ಅವನು ಬರೆದಿಟ್ಟ ವರದಿಯೊಂದೇ. ಆದುದರಿಂದ ಪ್ರಯೋಗವನ್ನು ಮಾಡಿಸುವುದರಲ್ಲಿ ಇರುವಷ್ಟೇ ಆಸ್ಥೆಯು ಅದರ ವರದಿಯನ್ನು ಬರೆಯಿಸುವುದರಲ್ಲಿಯೂ ಇರಬೇಕಾದುದು ಅವಶ್ಯ.

ವರ್ಷದ ಕೊನೆಯಲ್ಲಿ ಕಂದು ಕಾಗದದ ಹೊದಿಕೆ ಹಾಕಿದ ರೆಕಾರ್ಡ್ ಪುಸ್ತಕಗಳು ಅಧ್ಯಾಪಕರ ಮೇಜಿನ ಮೇಲೆ ಸಾಲುಗೂಡುತ್ತವೆ. ಅಕ್ಷರಗಳು ದುಂಡಾಗಿರುತ್ತವೆ, ಚಿತ್ರಗಳು ಅಂದವಾಗಿರುತ್ತವೆ, ಕೋಷ್ಟಕಗಳ ಗೆರೆಗಳು ನೇರವಾಗಿರುತ್ತವೆ. ಆದರೆ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗದ ಪುಟವನ್ನು ತೆರೆದರೆ ಒಂದು ತರಗತಿಯ ಅಷ್ಟೂ ಪುಸ್ತಕಗಳಲ್ಲಿ 980 ಎಂಬ ಒಂದೇ ಉತ್ತರ ಕಾಣಸಿಗುವುದು ಅಪರೂಪವಲ್ಲ. ಬೇರೆ ಬೇರೆ ಕೈಗಳು, ಬೇರೆ ಬೇರೆ ದಾರಗಳು, ಬೇರೆ ಬೇರೆ ಗಡಿಯಾರಗಳು. ಉತ್ತರ ಮಾತ್ರ ಒಂದೇ! ಇದನ್ನು ಕಂಡು ಅಧ್ಯಾಪಕರು ಸಂತೋಷಪಡಬೇಕೇ, ಶಂಕಿಸಬೇಕೇ? ಪ್ರಯೋಗ ವರದಿಯ ಗುಣದೋಷಗಳ ವಿಚಾರವೆಲ್ಲ ಈ ಪ್ರಶ್ನೆಯಿಂದಲೇ ಆರಂಭವಾಗುತ್ತದೆ.

ವರದಿ ಯಾರಿಗಾಗಿ?

ವರದಿಯು ಪರೀಕ್ಷಕರಿಗೆ ಒಪ್ಪಿಸುವ ಕಾಣಿಕೆಯೆಂದು ಅನೇಕ ವಿದ್ಯಾರ್ಥಿಗಳು ಭಾವಿಸಿರುತ್ತಾರೆ. ವಾಸ್ತವವಾಗಿ ಅದು, ಪ್ರಯೋಗ ನಡೆದಾಗ ಅಲ್ಲಿ ಇಲ್ಲದಿದ್ದವರಿಗಾಗಿ ಬರೆಯುವ ಬರಹ. ವರದಿಯನ್ನಷ್ಟೇ ಕೈಯಲ್ಲಿ ಹಿಡಿದ ಇನ್ನೊಬ್ಬ ವಿದ್ಯಾರ್ಥಿಯು ಅದೇ ಪ್ರಯೋಗವನ್ನು ಮತ್ತೊಮ್ಮೆ ಮಾಡಲು ಶಕ್ತನಾಗಬೇಕು. ಅದರಲ್ಲಿರುವ ಫಲಿತಾಂಶವನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ತಾನೇ ನಿರ್ಣಯಿಸಲೂ ಶಕ್ತನಾಗಬೇಕು. ಉದ್ದೇಶ, ಉಪಕರಣಗಳು, ತತ್ತ್ವ, ವಿಧಾನ, ಅವಲೋಕನ, ಲೆಕ್ಕಾಚಾರ, ಫಲಿತಾಂಶ ಎಂಬ ರೂಢಿಯ ವಿಭಾಗಗಳು ಹುಟ್ಟಿದುದು ಈ ಎರಡು ಅಗತ್ಯಗಳಿಂದಲೇ. ಈ ಕಾರಣವನ್ನು ಅರಿಯದೆ ತಲೆಬರಹಗಳನ್ನು ಮಾತ್ರ ತುಂಬಿಸಿದರೆ ವರದಿಯ ಆಕಾರ ಬರುತ್ತದೆಯೇ ಹೊರತು ಜೀವ ಬರುವುದಿಲ್ಲ.

ಸರಳ ಲೋಲಕದ ನಿದರ್ಶನ

ಎಲ್ಲ ಶಾಲೆಗಳಿಗೂ ಪರಿಚಿತವಾದ ಸರಳ ಲೋಲಕದ ಪ್ರಯೋಗವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಸೀಳಿದ ಬಿರಡೆಯ ನಡುವೆ ದಾರವನ್ನು ಸಿಕ್ಕಿಸಿ, ಅದರ ತುದಿಗೆ ಹಿತ್ತಾಳೆಯ ಗುಂಡನ್ನು ತೂಗುಬಿಟ್ಟು, ಸ್ವಲ್ಪವೇ ಪಕ್ಕಕ್ಕೆ ಎಳೆದು ಬಿಟ್ಟರೆ ಅದು ಆಂದೋಲನಗೊಳ್ಳುತ್ತದೆ. ಇಪ್ಪತ್ತು ಆಂದೋಲನಗಳಿಗೆ ತಗಲುವ ಕಾಲವನ್ನು ಸ್ಟಾಪ್‌ವಾಚಿನಿಂದ ಅಳೆದು, ಇಪ್ಪತ್ತರಿಂದ ಭಾಗಿಸಿ ಒಂದು ಆಂದೋಲನದ ಅವಧಿಯನ್ನು ಪಡೆಯುತ್ತಾರೆ. ಪೈ ಎಂಬ ಸ್ಥಿರಾಂಕದ ವರ್ಗದ ನಾಲ್ಕರಷ್ಟನ್ನು ಲೋಲಕದ ಉದ್ದದಿಂದ ಗುಣಿಸಿ, ಅವಧಿಯ ವರ್ಗದಿಂದ ಭಾಗಿಸಿದರೆ ಗುರುತ್ವ ವೇಗೋತ್ಕರ್ಷ ದೊರೆಯುತ್ತದೆ.

ಉದ್ದವು 100 ಸೆಂಟಿಮೀಟರ್ ಇದ್ದಾಗ ವಿದ್ಯಾರ್ಥಿಯೊಬ್ಬನಿಗೆ ಮೂರು ಬಾರಿಯ ಅಳತೆಗಳಲ್ಲಿ 40.0, 40.2 ಮತ್ತು 40.4 ಸೆಕೆಂಡುಗಳು ಬಂದವು ಎಂದು ಭಾವಿಸಬಹುದು. ಸರಾಸರಿ 40.2 ಸೆಕೆಂಡು. ಇದರಿಂದ ಗುರುತ್ವ ವೇಗೋತ್ಕರ್ಷವು ಸೆಕೆಂಡಿನ ವರ್ಗಕ್ಕೆ ಸುಮಾರು 977 ಸೆಂಟಿಮೀಟರ್ ಎಂದು ಬರುತ್ತದೆ. ಉತ್ತಮ ವರದಿಯಲ್ಲಿ ಈ ಮೂರು ಅಳತೆಗಳೂ ಕೋಷ್ಟಕದಲ್ಲಿ ಕಾಣಿಸಿಕೊಳ್ಳಬೇಕು. ಸರಾಸರಿಯನ್ನು ಮಾತ್ರ ಬರೆದರೆ ಅಳತೆಗಳು ಒಂದಕ್ಕೊಂದು ಎಷ್ಟು ಹತ್ತಿರವಾಗಿದ್ದವೆಂಬ ಸಂಗತಿಯು ಓದುಗನಿಗೆ ಮರೆಯಾಗುತ್ತದೆ. ಅಳತೆಗಳನ್ನು ತೆಗೆದುಕೊಂಡ ಕ್ಷಣದಲ್ಲಿಯೇ ಶಾಯಿಯಿಂದ ರಫ್ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು ಉತ್ತಮ ಪದ್ಧತಿ. ತಪ್ಪಾದ ಅಂಕಿಯನ್ನು ರಬ್ಬರಿನಿಂದ ಅಳಿಸದೆ, ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಕಾರಣವನ್ನು ಬರೆಯಬೇಕು. ಇಂದು ತಪ್ಪೆಂದು ತೋರಿದ ಅಂಕಿಯೇ ನಾಳೆ ಸರಿಯಾದುದೆಂದು ತಿಳಿದುಬಂದರೂ ಬರಬಹುದು.

ದೋಷದಿಂದ ದೊರೆಯುವ ತಿಳಿವು

ಅಳತೆಯನ್ನು ಇದ್ದಂತೆಯೇ ಬರೆದ ವರದಿಗೆ ಒಂದು ವಿಶೇಷ ಗುಣವುಂಟು: ಅದು ತನ್ನ ತಪ್ಪನ್ನು ತಾನೇ ಬಯಲಿಗಿಡುತ್ತದೆ. ಗುಂಡನ್ನು ಬಿಟ್ಟ ಕ್ಷಣದಲ್ಲಿಯೇ ‘ಒಂದು’ ಎಂದು ಎಣಿಸಲು ತೊಡಗಿದ ವಿದ್ಯಾರ್ಥಿಯು ‘ಇಪ್ಪತ್ತು’ ಎನ್ನುವ ವೇಳೆಗೆ ನಡೆದಿರುವುದು ಹತ್ತೊಂಬತ್ತೇ ಆಂದೋಲನಗಳು. ಅವನ ಉತ್ತರ 1,084ರ ಸುಮಾರಿಗೆ ಬರುತ್ತದೆ. ಅನುಭವಿಯಾದ ಅಧ್ಯಾಪಕರು ಆ ಸಂಖ್ಯೆಯನ್ನು ಕಂಡೊಡನೆ ಎಣಿಕೆಯು ಸೊನ್ನೆಯಿಂದ ಆರಂಭವಾಗಬೇಕಿತ್ತೆಂದು ತಿಳಿಸಬಲ್ಲರು. ಹಾಗೆಯೇ ದಾರದ 99 ಸೆಂಟಿಮೀಟರ್ ಉದ್ದವನ್ನು ಮಾತ್ರ ಗಣಿಸಿ, ಗುಂಡಿನ 1 ಸೆಂಟಿಮೀಟರ್ ತ್ರಿಜ್ಯವನ್ನು ಕೂಡಿಸಲು ಮರೆತವನ ಉತ್ತರವು ಸುಮಾರು ಹತ್ತರಷ್ಟು ಕಡಿಮೆಯಾಗುತ್ತದೆ. ಇವನೇ ಬೇರೆ ಬೇರೆ ಉದ್ದಗಳಿಗೆ ಅಳತೆ ಮಾಡಿ, ದಾರದ ಉದ್ದವನ್ನು ಅಡ್ಡ ಅಕ್ಷದಲ್ಲಿಯೂ ಅವಧಿಯ ವರ್ಗವನ್ನು ಲಂಬ ಅಕ್ಷದಲ್ಲಿಯೂ ಗುರುತಿಸಿ ಗ್ರಾಫ್ ಎಳೆದರೆ, ಆ ಸರಳರೇಖೆಯು ಮೂಲಬಿಂದುವಿನ ಮೂಲಕ ಹಾಯುವುದಿಲ್ಲ. ಅದನ್ನು ಹಿಂದಕ್ಕೆ ಬೆಳೆಸಿದಾಗ ಅಡ್ಡ ಅಕ್ಷವನ್ನು ಒಂದು ಸೆಂಟಿಮೀಟರ್ ಎಡಕ್ಕೆ ಸಂಧಿಸುತ್ತದೆ. ಮರೆತುಹೋದ ತ್ರಿಜ್ಯವು ಗ್ರಾಫಿನಲ್ಲಿ ಹೀಗೆ ಪ್ರತ್ಯಕ್ಷವಾಗುತ್ತದೆ. ರೇಖೆಯ ಇಳಿಜಾರು ಮಾತ್ರ ಕೆಡದಿರುವುದರಿಂದ ಅದರಿಂದ ಸರಿಯಾದ ಬೆಲೆಯನ್ನೇ ಪಡೆಯಬಹುದು.

ಈ ವಿದ್ಯಾರ್ಥಿಗಳಿಬ್ಬರೂ ಪಕ್ಕದವನ ಪುಸ್ತಕವನ್ನು ನೋಡಿ 980 ಎಂದು ಬರೆದಿದ್ದರೆ ಅಂಕಗಳು ದೊರೆಯುತ್ತಿದ್ದವು. ಆದರೆ ಎಣಿಕೆಯ ಮರ್ಮವಾಗಲಿ, ಗ್ರಾಫಿನ ಮರ್ಮವಾಗಲಿ ಅವರಿಗೆ ಎಂದಿಗೂ ತಿಳಿಯುತ್ತಿರಲಿಲ್ಲ.

ಅಂಕಿಗಳ ಮಿತಿ

ಮೇಲಿನ ಲೆಕ್ಕವನ್ನು ಕ್ಯಾಲ್ಕ್ಯುಲೇಟರಿನಿಂದ ಮಾಡಿದರೆ 977.16 ಎಂಬ ಸಂಖ್ಯೆ ಬರುತ್ತದೆ. ಅದನ್ನು ಹಾಗೆಯೇ ಬರೆಯುವುದು ನಿಖರತೆಯ ಲಕ್ಷಣವೆಂದು ಕೆಲವರು ತಿಳಿಯುತ್ತಾರೆ. ಅದು ಸರಿಯಲ್ಲ. ಇಪ್ಪತ್ತು ಆಂದೋಲನಗಳ ಕಾಲವು 40.0 ಸೆಕೆಂಡು ಆಗಿದ್ದರೆ ಉತ್ತರ 987, 40.4 ಆಗಿದ್ದರೆ ಸುಮಾರು 967. ಗುಂಡಿಯನ್ನು ಒತ್ತುವ ಬೆರಳು 0.2 ಸೆಕೆಂಡು ಹಿಂದು ಮುಂದಾದರೆ ಉತ್ತರದಲ್ಲಿ ಹತ್ತರಷ್ಟು ವ್ಯತ್ಯಾಸವಾಗುವಾಗ ದಶಾಂಶದ ನಂತರದ ಅಂಕಿಗಳಿಗೆ ಅರ್ಥವೇ ಇಲ್ಲ. ‘977, ಹೆಚ್ಚು ಕಡಿಮೆ 10’ ಎಂದು ಬರೆದವನು ತನ್ನ ಅಳತೆಯ ಯೋಗ್ಯತೆಯನ್ನು ಅರಿತವನು. ಅದೇ ವಿದ್ಯಾರ್ಥಿಯು 50 ಆಂದೋಲನಗಳನ್ನು ಎಣಿಸಿದರೆ, ಅಷ್ಟೇ ಬೆರಳಿನ ತಪ್ಪಿನಿಂದ ಆಗುವ ವ್ಯತ್ಯಾಸವು ಸುಮಾರು 4ಕ್ಕೆ ಇಳಿಯುತ್ತದೆ. ಹೀಗೆ ದೋಷದ ಪರಿಮಾಣವನ್ನು ಬರೆಯುವ ಅಭ್ಯಾಸವು ಪ್ರಯೋಗವನ್ನು ಉತ್ತಮಪಡಿಸುವ ದಾರಿಯನ್ನೂ ತೋರಿಸುತ್ತದೆ.

ಪುಸ್ತಕದ ಬೆಲೆ, ಕಂಡ ಬೆಲೆ

ಎಲ್ಲರೂ ತಲುಪಲು ತವಕಿಸುವ 980 ಎಂಬ ಬೆಲೆಯಾದರೂ ಎಲ್ಲಿಯದು? ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನವು 1901ರಲ್ಲಿ 980.665 ಎಂಬ ಬೆಲೆಯನ್ನು ಪ್ರಮಾಣವಾಗಿ ಅಂಗೀಕರಿಸಿತು. ಅದು ವ್ಯವಹಾರದ ಅನುಕೂಲಕ್ಕಾಗಿ ಒಪ್ಪಿಕೊಂಡ ಬೆಲೆ. ಎಲ್ಲ ಸ್ಥಳಗಳ ನಿಜವಾದ ಬೆಲೆಯಲ್ಲ. ಸಮಭಾಜಕ ವೃತ್ತದ ಬಳಿ ಅದು ಸುಮಾರು 978, ಧ್ರುವಗಳ ಬಳಿ ಸುಮಾರು 983. ಬೆಂಗಳೂರಿನಲ್ಲಿ ಅದು 978ರ ಹತ್ತಿರದಲ್ಲಿದೆ. ಕನ್ನಡನಾಡಿನ ಪ್ರಯೋಗಶಾಲೆಯಲ್ಲಿ ಪುಸ್ತಕದ ಉತ್ತರಕ್ಕೆ ಹೊಂದುವಂತೆ ಅಳತೆಗಳನ್ನು ತಿದ್ದುವವನು, ತನ್ನ ಊರಿನ ನಿಜವಾದ ಬೆಲೆಯಿಂದ ದೂರ ಸರಿಯುತ್ತಾನೆ!

ಸ್ಥಳದಿಂದ ಸ್ಥಳಕ್ಕೆ ಈ ಬೆಲೆ ಬದಲಾಗುವುದೆಂಬ ಅರಿವು ಮೂಡಿದುದೂ ಒಂದು ಪ್ರಾಮಾಣಿಕ ವರದಿಯಿಂದಲೇ. ಫ್ರಾನ್ಸಿನ ವಿಜ್ಞಾನ ಅಕಾಡೆಮಿಯು 1672ರಲ್ಲಿ ಜಾನ್ ರಿಶೇ ಎಂಬ ಖಗೋಳಜ್ಞನನ್ನು ದಕ್ಷಿಣ ಅಮೆರಿಕದ ಕಯೆನ್ ಎಂಬಲ್ಲಿಗೆ ಕಳುಹಿಸಿತು. ಪ್ಯಾರಿಸ್ಸಿನಲ್ಲಿ ಸರಿಯಾಗಿ ಸೆಕೆಂಡುಗಳನ್ನು ತೋರುವ ಲೋಲಕವು ಸಮಭಾಜಕ ವೃತ್ತಕ್ಕೆ ಸಮೀಪವಾದ ಆ ಊರಿನಲ್ಲಿ ನಿಧಾನವಾಯಿತು. ಅದನ್ನು ಸರಿಪಡಿಸಲು ಸುಮಾರು 2.8 ಮಿಲಿಮೀಟರಿನಷ್ಟು ಗಿಡ್ಡಗೊಳಿಸಬೇಕಾಯಿತು. ಇದಕ್ಕೆ ಕಾರಣವೇನೆಂಬುದು ಆಗ ಗೊತ್ತಿರಲಿಲ್ಲ. ರಿಶೇ ಹತ್ತು ತಿಂಗಳ ಕಾಲ, ವಾರವಾರವೂ, ಮತ್ತೆ ಮತ್ತೆ ಪರೀಕ್ಷಿಸಿ, ಕಂಡುದನ್ನು ಕಂಡಂತೆ ಬರೆದು 1679ರಲ್ಲಿ ಪ್ರಕಟಿಸಿದನು. ನ್ಯೂಟನ್ನನು 1687ರಲ್ಲಿ ಹೊರತಂದ ತನ್ನ ಮಹಾಗ್ರಂಥದಲ್ಲಿ, ಭೂಮಿಯು ಧ್ರುವಗಳಲ್ಲಿ ಚಪ್ಪಟೆಯಾಗಿದೆಯೆಂಬ ತನ್ನ ವಾದಕ್ಕೆ ಈ ಅಳತೆಯನ್ನು ಆಧಾರವಾಗಿ ಬಳಸಿಕೊಂಡನು. ರಿಶೇ ಆ 2.8 ಮಿಲಿಮೀಟರನ್ನು ತನ್ನ ಕೈತಪ್ಪೆಂದು ಬಿಟ್ಟುಬಿಟ್ಟಿದ್ದರೆ ಆ ಆಧಾರವು ನ್ಯೂಟನ್ನನಿಗೆ ದೊರೆಯುತ್ತಿರಲಿಲ್ಲ.

ರಸಾಯನಶಾಸ್ತ್ರದಲ್ಲಿಯೂ ಇಂತಹ ನಿದರ್ಶನವುಂಟು. ಹೆನ್ರಿ ಕ್ಯಾವೆಂಡಿಶ್ 1785ರಲ್ಲಿ ಗಾಳಿಯಲ್ಲಿನ ಸಾರಜನಕವನ್ನು ವಿದ್ಯುತ್ ಕಿಡಿಗಳಿಂದ ಆಮ್ಲಜನಕದೊಡನೆ ಸಂಯೋಗಗೊಳಿಸಿ ತೆಗೆದುಹಾಕಿದಾಗ, ಏನು ಮಾಡಿದರೂ ಕರಗದ ಒಂದು ಪುಟ್ಟ ಗುಳ್ಳೆ ಉಳಿಯಿತು. ಅದು ಒಟ್ಟು ಸಾರಜನಕದ 120ರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲವೆಂದು ಅವನು ಬರೆದಿಟ್ಟನು. ನೂರಕ್ಕೂ ಹೆಚ್ಚು ವರ್ಷಗಳ ತರುವಾಯ, 1894ರಲ್ಲಿ, ರ‍್ಯಾಲೆ ಮತ್ತು ರ‍್ಯಾಮ್ಸೆ ಎಂಬ ವಿಜ್ಞಾನಿಗಳು ಗಾಳಿಯಲ್ಲಿ ಆರ್ಗಾನ್ ಅನಿಲವಿದೆಯೆಂದು ಸಾರಿದಾಗ ಆ ಗುಳ್ಳೆಯ ಗುಟ್ಟು ಬಯಲಾಯಿತು. ಇವರಿಬ್ಬರಿಗೂ 1904ರಲ್ಲಿ ನೊಬೆಲ್ ಪಾರಿತೋಷಕಗಳು ಸಂದವು. ಕ್ಯಾವೆಂಡಿಶ್ ವಿವರಿಸಲಾಗದುದನ್ನು ಮುಚ್ಚಿಡದೆ ಅಳೆದು ಬರೆದುದರಿಂದಲೇ ಅವನ ವರದಿಯು ಒಂದು ಶತಮಾನದ ಮೇಲೂ ಉಪಯೋಗಕ್ಕೆ ಬಂದಿತು.

ವರದಿಯ ಭಾಷೆ

ವರದಿಯ ಭಾಷೆಯು ಸರಳವೂ ಸ್ಪಷ್ಟವೂ ಆಗಿರಬೇಕು. ‘ದಾರವನ್ನು ಕಟ್ಟಬೇಕು, ಕಾಲವನ್ನು ಅಳೆಯಬೇಕು’ ಎಂಬುದು ಕೈಪಿಡಿಯ ಭಾಷೆ. ‘ದಾರವನ್ನು ಕಟ್ಟಲಾಯಿತು, ಕಾಲವನ್ನು ಮೂರು ಬಾರಿ ಅಳೆಯಲಾಯಿತು’ ಎಂಬುದು ವರದಿಯ ಭಾಷೆ. ಮೊದಲನೆಯದನ್ನು ಪ್ರಯೋಗ ಮಾಡದವನೂ ನಕಲು ಮಾಡಬಹುದು. ಪ್ರತಿ ಸಂಖ್ಯೆಯ ಪಕ್ಕದಲ್ಲಿಯೂ ಅದರ ಮಾನವಿರಬೇಕು. ಕೊನೆಯಲ್ಲಿ ‘ಗಾಳಿಯ ಅಡಚಣೆಯಿಂದ ದೋಷ ಉಂಟಾಗಿರಬಹುದು’ ಎಂಬ ಸಿದ್ಧವಾಕ್ಯವನ್ನು ಇಳಿಸುವುದಕ್ಕಿಂತ, ‘ಮೂರನೆಯ ಅಳತೆಯ ವೇಳೆ ಗುಂಡು ವೃತ್ತಾಕಾರವಾಗಿ ಸುತ್ತತೊಡಗಿತು’ ಎಂಬ ಕಂಡ ಸಂಗತಿಯನ್ನು ಬರೆಯುವುದು ಮೇಲು.

ಅಧ್ಯಾಪಕರ ಹೊಣೆ

ವಿದ್ಯಾರ್ಥಿಗಳು ನಕಲು ಮಾಡುತ್ತಾರೆಂದು ದೂರುವುದು ಸುಲಭ. ಆದರೆ 977 ಎಂದು ಬರೆದವನ ಪುಟದಲ್ಲಿ ಕೆಂಪು ಶಾಯಿಯ ತಪ್ಪು ಗುರುತು, ಅಳತೆಗಳನ್ನೇ ತಿದ್ದಿ 980 ಎಂದು ಬರೆದವನ ಪುಟದಲ್ಲಿ ಪೂರ್ಣ ಅಂಕಗಳು ಬಿದ್ದರೆ, ಆ ದಿನ ತರಗತಿಯು ಕಲಿಯುವ ಪಾಠವಾದರೂ ಯಾವುದು? ನಿಜವನ್ನು ಬರೆದರೆ ನಷ್ಟವೆಂಬ ಪಾಠ. ಅದನ್ನು ಕಲಿತ ಬಾಲಕನು ಮುಂದೆ ಔಷಧಾಲಯದಲ್ಲಿ, ಸೇತುವೆಯ ಕಾಮಗಾರಿಯಲ್ಲಿ, ಲೆಕ್ಕಪತ್ರದ ಕಚೇರಿಯಲ್ಲಿ ಕುಳಿತಾಗ ಅದನ್ನೇ ಆಚರಿಸಿದರೆ ಆಶ್ಚರ್ಯಪಡಬೇಕಾದುದಿಲ್ಲ. ಅಂಕಗಳು ಉತ್ತರಕ್ಕಿಂತ ಹೆಚ್ಚಾಗಿ ಕೋಷ್ಟಕದ ಪೂರ್ಣತೆಗೆ, ದೋಷದ ವಿಚಾರಕ್ಕೆ, ರಫ್ ನೋಟ್‌ಬುಕ್ಕಿಗೂ ರೆಕಾರ್ಡಿಗೂ ಇರುವ ಹೊಂದಾಣಿಕೆಗೆ ಸಲ್ಲಬೇಕು. ಅಳತೆಗಳು ಬರೆಯಲ್ಪಟ್ಟ ದಿನವೇ ಅಧ್ಯಾಪಕರು ರಫ್ ನೋಟ್‌ಬುಕ್ಕಿನ ಪುಟಕ್ಕೆ ರುಜು ಹಾಕಿದರೆ ಈ ಕಾರ್ಯದ ಅರ್ಧ ಭಾಗವು ಅಲ್ಲಿಯೇ ಕೈಗೂಡುತ್ತದೆ.

ಪ್ರಯೋಗಶಾಲೆಯ ಗಾಜಿನ ಕಪಾಟುಗಳಲ್ಲಿರುವ ಒಂದೊಂದು ಉಪಕರಣದ ಹಿಂದೆಯೂ ಯಾರೋ ದಾನಿಗಳ ಔದಾರ್ಯವಿದೆ, ಯಾರೋ ಹಿರಿಯರ ಪರಿಶ್ರಮವಿದೆ. ಆ ಔದಾರ್ಯದ ಫಲವನ್ನು ಕಾಣಬಯಸುವವರು ಕಪಾಟುಗಳನ್ನಷ್ಟೇ ನೋಡಿದರೆ ಸಾಲದು. ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕಗಳನ್ನೂ ತೆರೆದು ನೋಡಬೇಕು. ಅಲ್ಲಿ ಒಬ್ಬನ ಉತ್ತರ 971, ಇನ್ನೊಬ್ಬನದು 977, ಮತ್ತೊಬ್ಬನದು 986 ಆಗಿದ್ದು, ಪ್ರತಿಯೊಬ್ಬನೂ ತನ್ನ ವ್ಯತ್ಯಾಸಕ್ಕೆ ಕಾರಣವನ್ನು ಹುಡುಕಿ ಬರೆದಿದ್ದರೆ, ಆ ಶಾಲೆಯಲ್ಲಿ ವಿಜ್ಞಾನವು ನಿಜವಾಗಿಯೂ ಕಲಿಸಲ್ಪಡುತ್ತಿದೆಯೆಂದು ಅವರು ಸಮಾಧಾನಪಡಬಹುದು.