ಫೋರ್ಕ್ ಲೆಕ್ಕದಲ್ಲಿ ಅಂಕ ಕೊಡುವವರು

ಪಾಡ್‌ಕಾಸ್ಟ್ ಕೇಳುವ ಅಭ್ಯಾಸ ಈಗಷ್ಟೇ ಹತ್ತಿಸಿಕೊಳ್ಳುತ್ತಿರುವವರು ಸಾಮಾನ್ಯವಾಗಿ ಕೊಲೆ ಪ್ರಕರಣದಿಂದಲೋ ಷೇರುಪೇಟೆಯಿಂದಲೋ ಶುರುಮಾಡುತ್ತಾರೆ. ಕೇಳಿದವರಿಗೆಲ್ಲ ನಾನು ಬೇರೆ ದಾರಿ ಹೇಳುತ್ತೇನೆ: ಊಟದ ಜಗಳದಿಂದ ಶುರುಮಾಡಿ. ಅದಕ್ಕೆ 'ಡೋಬಾಯ್ಸ್' ಒಳ್ಳೆಯ ಬಾಗಿಲು. ಇಂಗ್ಲಿಷ್ ಕಾರ್ಯಕ್ರಮ, ಅಮೆರಿಕದ್ದು, ಅದರ ಅರ್ಧ ಹೆಸರುಗಳು ನಮಗೆ ಗೊತ್ತಿಲ್ಲದವು. ಆದರೂ ಸ್ವಲ್ಪ ತಾಳ್ಮೆಯಿದ್ದರೆ ಒಳಗೆ ಹೋಗಬಹುದು.

ವಿಷಯ ಇಷ್ಟೇ. ಲಾಸ್ ಏಂಜಲೀಸ್‌ನ ಇಬ್ಬರು ಹಾಸ್ಯಗಾರರು, ನಿಕ್ ವೈಗರ್ ಮತ್ತು ಮೈಕ್ ಮಿಚೆಲ್, 2015ರಿಂದ ಚೈನ್ ರೆಸ್ಟೋರೆಂಟುಗಳಲ್ಲಿ ತಿಂದು, ಅತಿಥಿಯೊಬ್ಬರನ್ನು ಕೂರಿಸಿಕೊಂಡು, ತಿಂದದ್ದರ ಬಗ್ಗೆ ಗಂಟೆಗಟ್ಟಲೆ ಹರಟುತ್ತಾರೆ. ದೊಡ್ಡ ಬಾಣಸಿಗರ ಹೋಟೆಲು ಇಲ್ಲಿಗೆ ಬರುವುದೇ ಅಪರೂಪ. ಬರ್ಗರ್, ಪಿಜ್ಜಾ, ಡೋನಟ್, ಹೆದ್ದಾರಿ ಬದಿಯ ಕರಿದ ಕೋಳಿ, ಇವೇ ಪಠ್ಯ. ವೈದ್ಯರು ಬೇಡವೆನ್ನುವ ಊಟವನ್ನು ವಿಮರ್ಶಕರು ಕಾದಂಬರಿ ಓದುವಷ್ಟು ಶ್ರದ್ಧೆಯಿಂದ ಅಳೆಯುತ್ತಾರೆ. ಮೊದಲ ನಗು ಹುಟ್ಟುವುದು ಅಲ್ಲಿ.

ಒಂದು ಕಂತಿನ ನಡೆ ತಿಳಿದುಕೊಂಡರೆ ಮುಂದಿನದು ಸಲೀಸು. ಮೊದಲು ವೈಗರ್ ಗಂಭೀರ ದನಿಯಲ್ಲಿ ಬರೆದು ತಂದ ಪೀಠಿಕೆ ಓದುತ್ತಾನೆ. ಅದು ಯಾವುದೋ ಯುದ್ಧದಿಂದಲೋ ಹಳೆಯ ಸಿನಿಮಾದಿಂದಲೋ ಹೊರಟು, ಸುತ್ತಿ ಬಳಸಿ, ಕೊನೆಗೆ ಈ ವಾರದ ಹೋಟೆಲಿನ ಹೆಸರಿಗೆ ಬಂದು ನಿಲ್ಲುತ್ತದೆ. ಹೊಸಬರಿಗೆ ತಪ್ಪಾದ ಕಂತು ಹಾಕಿದೆವೇನೋ ಎಂದು ಗಾಬರಿಯಾಗುವುದು ಈ ಜಾಗದಲ್ಲಿ. ಆಗಬೇಕಿಲ್ಲ, ಕಾಯಿರಿ. ಆಮೇಲೆ ಮಿಚೆಲ್‌ನ ಪರಿಚಯ, ಅದೂ ಕೇಳುಗರು ಕಳಿಸಿದ ಒಂದು ಬೈಗುಳದ ಜೊತೆ. ಅವನಿಗೆ ಸಿಟ್ಟು ಬರುತ್ತದೆ, ಅಥವಾ ಬಂದಂತೆ ಆಡುತ್ತಾನೆ. ಬಹಳ ವರ್ಷದ ಗೆಳೆಯರು ಮಾತ್ರ ಹೀಗೆ ಒಬ್ಬರನ್ನೊಬ್ಬರು ಕೆಣಕಲು ಸಾಧ್ಯ. ಊಟ ಇದಕ್ಕೆಲ್ಲ ಒಂದು ನೆಪ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಹೋಟೆಲಿನ ವಿಷಯ ಬರುವುದು ಬಹಳ ತಡವಾಗಿ. ಯಾರು ಏನು ತರಿಸಿಕೊಂಡರು, ಚಿಪ್ಸ್ ಬಿಸಿಯಿತ್ತೋ ಮೆತ್ತಗಾಗಿತ್ತೋ, ಸಾಸ್ ಕೇಳಿದರೆ ಎಷ್ಟು ಪೊಟ್ಟಣ ಕೊಟ್ಟರು, ಎಲ್ಲ ಪಂಚನಾಮೆ. ಕೊನೆಗೆ ತೀರ್ಪು, ಐದು ಫೋರ್ಕಿಗೆ ಇಷ್ಟು ಫೋರ್ಕು ಎಂಬ ಲೆಕ್ಕದಲ್ಲಿ. ಎಲ್ಲರೂ ನಾಲ್ಕಕ್ಕೆ ಕಡಿಮೆಯಿಲ್ಲದಂತೆ ಕೊಟ್ಟರೆ ಆ ಹೋಟೆಲು 'ಗೋಲ್ಡನ್ ಪ್ಲೇಟ್ ಕ್ಲಬ್'ಗೆ ಸೇರುತ್ತದೆ. ಇಂಥ ಗೌರವಕ್ಕೆ ಪಾತ್ರವಾದದ್ದು ಒಂದು ಬರ್ಗರ್ ಎಂಬುದನ್ನು ಯಾರೂ ನೆನಪಿಸುವುದಿಲ್ಲ.

ಚೈನ್ ಹೋಟೆಲನ್ನೇ ಆರಿಸಿದ್ದರಲ್ಲಿ ಒಂದು ಉಪಾಯವಿದೆ. ಯಾವುದೋ ಬೀದಿಯ ಒಂದೇ ಹೋಟೆಲಿನ ಬಗ್ಗೆ ಮಾತಾಡಿದರೆ ಅಲ್ಲಿಗೆ ಹೋದವನಿಗೆ ಮಾತ್ರ ರುಚಿ. ಸಾವಿರ ಊರಿನಲ್ಲಿ ಒಂದೇ ಅಚ್ಚಿನಲ್ಲಿ ತಯಾರಾಗುವ ತಿಂಡಿಯ ಬಗ್ಗೆ ಮಾತಾಡಿದರೆ ಇಡೀ ದೇಶವೇ ಪಂಚಾಯಿತಿಗೆ ಕೂರಬಹುದು. ಹಾಗಿದ್ದೂ ಅಮೆರಿಕದಲ್ಲಿ ಎಲ್ಲ ಚೈನೂ ಎಲ್ಲೆಡೆ ಇಲ್ಲ. ಇನ್-ಎನ್-ಔಟ್ 1948ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದು, ಅಲ್ಲಿನವರಿಗೆ ಅದು ಹೆಚ್ಚುಕಡಿಮೆ ಕುಲದೇವರು. ವಾಟಬರ್ಗರ್ 1950ರಲ್ಲಿ ಟೆಕ್ಸಾಸ್‌ನ ಕಾರ್ಪಸ್ ಕ್ರಿಸ್ಟಿಯಲ್ಲಿ ಶುರುವಾದದ್ದು, ಟೆಕ್ಸಾಸ್‌ನವರ ಮುಂದೆ ಅದರ ಬಗ್ಗೆ ಹಗುರವಾಗಿ ಮಾತಾಡಿದರೆ ಕೆಟ್ಟಿರಿ. ಇನ್ನು ಮಿಚೆಲ್‌ನ ಊರು ಮ್ಯಾಸಚೂಸೆಟ್ಸ್‌ನ ಕ್ವಿನ್ಸಿ. ಡಂಕಿನ್ ಡೋನಟ್ಸ್ ಎಂಬ ಹೆಸರಿನ ಅಂಗಡಿ ಮೊದಲು ತೆರೆದದ್ದು, 1950ರಲ್ಲಿ, ಅದೇ ಊರಿನಲ್ಲಿ. ಅವನು ಆ ಅಂಗಡಿಯ ಕಾಫಿಗೆ ನಿಷ್ಪಕ್ಷಪಾತವಾಗಿ ಅಂಕ ಕೊಡುತ್ತಾನೆಂದು ನಂಬುವುದು ಹೇಗೆ? ಅಂಕ ಕೊಡುವವರ ಊರು ಯಾವುದು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಆಮೇಲೆ ಅರ್ಧ ಹಾಸ್ಯ ತಾನಾಗಿ ಬಿಡಿಸಿಕೊಳ್ಳುತ್ತದೆ.

ಪ್ರಾಂತ್ಯದ ಊಟದ ಜಗಳಕ್ಕೆ ನನ್ನ ಮೆಚ್ಚಿನ ಉದಾಹರಣೆ ಓಹಾಯೋದ ಸಿನ್ಸಿನಾಟಿಯದು. ಇಂಥ ಯಾವ ಹರಟೆ ಕೇಳಿದರೂ ಒಂದಲ್ಲ ಒಂದು ದಿನ ಇದು ಎದುರಾಗುತ್ತದೆ, ಹಾಗಾಗಿ ವಿವರವಾಗಿ ಹೇಳುತ್ತೇನೆ. ಅಗಲವಾದ ತಟ್ಟೆಯಲ್ಲಿ ಬೇಯಿಸಿದ ಶಾವಿಗೆಯಂಥ ಸ್ಪಗೆಟಿ. ಅದರ ಮೇಲೆ ನುಣ್ಣಗೆ ಅರೆದ ಮಾಂಸದ ತೆಳು ಗೊಜ್ಜು, ಅವರ ಮಾತಿನಲ್ಲಿ 'ಚಿಲಿ', ಅದರಲ್ಲಿ ಚಕ್ಕೆಯ ಘಮ. ಅದರ ಮೇಲೆ ತಟ್ಟೆಯೇ ಮುಚ್ಚುವಂತೆ ಹಳದಿ ಚೀಸ್ ತುರಿ. ಇದಕ್ಕೆ 'ಥ್ರೀ-ವೇ' ಎನ್ನುತ್ತಾರೆ. ಈರುಳ್ಳಿ ಅಥವಾ ರಾಜ್ಮಾದಂಥ ಕಾಳು ಸೇರಿದರೆ 'ಫೋರ್-ವೇ', ಎರಡೂ ಸೇರಿದರೆ 'ಫೈವ್-ವೇ'. ಅಲ್ಲಿನವರು ಸ್ಪಗೆಟಿಯನ್ನು ಫೋರ್ಕಿಗೆ ಸುತ್ತುವುದಿಲ್ಲ, ಅಂಚಿನಿಂದ ಕತ್ತರಿಸಿ ಕತ್ತರಿಸಿ ತಿನ್ನುತ್ತಾರೆ. ಸುತ್ತಿದರೆ ನೀವು ಹೊರಗಿನವರೆಂದು ಪಕ್ಕದ ಮೇಜಿಗೂ ಗೊತ್ತಾಗುತ್ತದೆ. ಇದು ಅಲ್ಲಿಗೆ ಬಂದದ್ದು ಬಾಲ್ಕನ್ ಕಡೆಯ ವಲಸಿಗರಿಂದ. ಮೆಸಿಡೋನಿಯಾದಿಂದ ಬಂದ ಅಣ್ಣತಮ್ಮಂದಿರು 1922ರಲ್ಲಿ ಎಂಪ್ರೆಸ್ ಎಂಬ ಅಂಗಡಿ ಇಟ್ಟರು, ಗ್ರೀಕ್ ಮೂಲದ ಲ್ಯಾಂಬ್ರಿನಿಡೀಸ್ 1949ರಲ್ಲಿ ಸ್ಕೈಲೈನ್ ತೆರೆದರು. ತಮ್ಮ ಮನೆಯ ಮಸಾಲೆಯನ್ನು ಅಮೆರಿಕದವರ ಬಾಯಿಗೆ ಹೊಂದಿಸಿದ ಈ ತಟ್ಟೆಯನ್ನು ನೋಡಿ ಟೆಕ್ಸಾಸ್‌ನವರು ಇದೂ ಒಂದು ಚಿಲಿಯೇ ಎಂದು ಮೂಗು ಮುರಿಯುತ್ತಾರೆ. ಸಿನ್ಸಿನಾಟಿಯಲ್ಲಿ ಬೆಳೆದವನು ಅದೇ ವಾಸನೆಗೆ ಕರಗಿ ಹೋಗುತ್ತಾನೆ.

ಯೂಟಾ ರಾಜ್ಯವಂತೂ 2001ರಲ್ಲಿ ಜೆಲ್ಲೊ ಎಂಬ ಸಿಹಿ ಜೆಲ್ಲಿಯನ್ನು ಅಧಿಕೃತ ತಿಂಡಿ ಎಂದು ಘೋಷಿಸಿಕೊಂಡಿತು. ಅದರೊಳಗೆ ಕ್ಯಾರೆಟ್ ತುರಿ ಹಾಕಿ ಸಲಾಡ್ ಎಂದು ಬಡಿಸುವ ಮನೆಗಳೂ ಇವೆ. ನಗಬಹುದು, ಅಡ್ಡಿಯಿಲ್ಲ.

ಆದರೆ ಯಾರನ್ನು ನೋಡಿ ನಗುತ್ತೇವೆ ಎಂಬುದರ ಮೇಲೆ ಕಣ್ಣಿರಲಿ. ನಮ್ಮ ಹಾಸ್ಟೆಲುಗಳಲ್ಲಿ ಉಪ್ಪಿಟ್ಟಿಗೆ ಕಾಂಕ್ರೀಟ್ ಎನ್ನುತ್ತಾರಲ್ಲ, ಹಾಗೆ ಅನ್ನುವವರು ಅದನ್ನೇ ತಿಂದು ಬೆಳೆದವರು. ಅದಕ್ಕೇ ಆ ಮಾತು ಯಾರಿಗೂ ಚುಚ್ಚುವುದಿಲ್ಲ. ವೈಗರ್, ಮಿಚೆಲ್ ಇಬ್ಬರದೂ ಅದೇ ಜಾತಿಯ ನಗು. ತಿಂದು ಹೊಟ್ಟೆ ಕೆಡಿಸಿಕೊಂಡದ್ದು, ಡಯಟ್ ಎಂದು ಹೊರಟು ವಾರದೊಳಗೆ ಸೋತದ್ದು, ಎಲ್ಲ ತಮ್ಮ ಮೇಲೆಯೇ ಹಾಕಿಕೊಳ್ಳುತ್ತಾರೆ. ಅಗ್ಗದ ಊಟ ತಿನ್ನುವ ಬಡವನನ್ನು ಗೇಲಿ ಮಾಡುವ ಊಟದ ಕಾರ್ಯಕ್ರಮಗಳೂ ಬೇಕಾದಷ್ಟಿವೆ, ಅವನ್ನು ನಾನು ಕೇಳುವುದಿಲ್ಲ, ಯಾರಿಗೂ ಹೇಳುವುದೂ ಇಲ್ಲ.

ಕನ್ನಡದ ಕೇಳುಗರಿಗೆ ಒಂದೆರಡು ತೊಡಕು ಇವೆ, ಮುಚ್ಚಿಡುವುದು ಬೇಡ. ದನದ ಮಾಂಸದ ಮಾತು ಬಹಳ. ಭಾಷೆ ಒರಟು, ಮಕ್ಕಳ ಮುಂದೆ ಸ್ಪೀಕರಿನಲ್ಲಿ ಹಾಕುವಂಥದ್ದಲ್ಲ. ಒಳಜೋಕುಗಳೂ ಜಾಸ್ತಿ. ಇದು ಒಗ್ಗದವರು ಬ್ರಿಟನ್ನಿನ 'ಆಫ್ ಮೆನ್ಯು' ಕಡೆ ಹೋಗಬಹುದು. 2018ರಲ್ಲಿ ಎಡ್ ಗ್ಯಾಂಬಲ್ ಮತ್ತು ಜೇಮ್ಸ್ ಅಕಾಸ್ಟರ್ ಶುರುಮಾಡಿದ ಈ ಕಾರ್ಯಕ್ರಮದಲ್ಲಿ ಅತಿಥಿಗಳು ತಮ್ಮ ಕನಸಿನ ಊಟವನ್ನು ಒಂದೊಂದೇ ಬಗೆಯಾಗಿ ಹೇಳುತ್ತಾರೆ. ಅಕಾಸ್ಟರ್ ದೀಪದಿಂದ ಬಂದ ಭೂತದಂಥ ಸಪ್ಲಾಯರ್. ಮಾತು ಹಿತವಾಗಿ ಸಾಗುತ್ತಿರುವಾಗಲೇ ಅವನು ಹಪ್ಪಳ ಬೇಕೋ ಬ್ರೆಡ್ ಬೇಕೋ ಎಂದು ಕಿರುಚುತ್ತಾನೆ. ಬ್ರಿಟನ್ನಿನ ಕರಿ ಹೋಟೆಲುಗಳಲ್ಲಿ ಊಟಕ್ಕೆ ಮುಂಚೆಯೇ ಚಟ್ನಿ ಜೊತೆ ಹಪ್ಪಳದ ರಾಶಿ ತಂದಿಡುವ ರೂಢಿಯಿದೆ, ಅದರಿಂದ ಬಂದ ಪ್ರಶ್ನೆ. ಎಲೆಯ ಮೇಲೆ ಅನ್ನದ ಜೊತೆ ಹಪ್ಪಳ ಮುರಿದುಕೊಳ್ಳುವ ನಮಗೆ ಈ ಸರದಿಯೇ ತಮಾಷೆ.

ಶುರುಮಾಡುವುದು ಎಲ್ಲಿಂದ? 'ಡೋಬಾಯ್ಸ್'ನ ಮೊದಲ ಕಂತಿನಿಂದ ಖಂಡಿತ ಬೇಡ. ನಿಮಗೆ ಗೊತ್ತಿರುವ ಹೋಟೆಲಿನ ಕಂತು ಹುಡುಕಿ: ಮೆಕ್‌ಡೊನಾಲ್ಡ್ಸ್ ಆದೀತು, ಟಾಕೊ ಬೆಲ್ ಆದರೆ ಇನ್ನೂ ಚೆನ್ನ. 1962ರಲ್ಲಿ ಕ್ಯಾಲಿಫೋರ್ನಿಯಾದ ಡೌನಿಯಲ್ಲಿ ಗ್ಲೆನ್ ಬೆಲ್ ತೆರೆದ ಅಂಗಡಿ ಅದು, ಭಾರತದ ಮೊದಲ ಮಳಿಗೆ 2010ರಲ್ಲಿ ಬೆಂಗಳೂರಿಗೇ ಬಂತು. ಅಮೆರಿಕಕ್ಕೆ ಓದಲು ಹೋದ ಸಸ್ಯಾಹಾರಿ ಕನ್ನಡಿಗರನ್ನು ಕೇಳಿ ನೋಡಿ, ಟಾಕೊ ಬೆಲ್‌ನ ಕಾಳಿನ ಬರಿಟೊ ಎಷ್ಟು ರಾತ್ರಿ ಹೊಟ್ಟೆ ತುಂಬಿಸಿದೆ ಎಂದು ಹೇಳುತ್ತಾರೆ. ತರಕಾರಿ ಹೆಚ್ಚುವಾಗಲೋ ಬಸ್ಸಿನಲ್ಲೋ ಕೇಳಿ, ಒಂದೇ ಗುಕ್ಕಿಗೆ ಮುಗಿಸಬೇಕಿಲ್ಲ. ಮೊದಮೊದಲು ಇಬ್ಬರ ದನಿಯೂ ಒಂದೇ ಅನ್ನಿಸುತ್ತದೆ. ಪೀಠಿಕೆ ಓದಿದವನು ವೈಗರ್, ರೇಗಿದವನು ಮಿಚೆಲ್ ಎಂದು ಗುರುತಿಟ್ಟುಕೊಂಡರೆ ಸಾಕು. ಫೋರ್ಕ್ ಹೇಳುವ ಹೊತ್ತಿಗೆ ಒಮ್ಮೆ ನಿಲ್ಲಿಸಿ ನಿಮ್ಮ ಅಂಕ ನೀವು ಹಾಕಿಬಿಡಿ. ಆಮೇಲೆ ಅವರದನ್ನು ಕೇಳಿ, ಒಪ್ಪಿಗೆಯಾಗದಿದ್ದರೆ ಮುಂದಿನ ವಾರವೂ ಹಾಕುತ್ತೀರಿ.